ಸಿಮ್ ಚೆಕ್‌ನಲ್ಲಿ (ವಿಮಾನದ ಸಿಮ್ಯುಲೇಟರ್ ಪರೀಕ್ಷೆ) ಫೇಲ್ ಆದೆ. ಫಾರಂನಲ್ಲಿ ಏನು ಬರೆಯಲಿ?

ತಿಪಟೂರು ಹುಡುಗ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇನ್ನೂ ಹೇಳಿಲ್ಲ, ಮೊದಲು ಇಲ್ಲಿ ಕೇಳುತ್ತಿದ್ದೇನೆ.

ನನಗೆ 29 ವರ್ಷ. ಮೂರೂವರೆ ವರ್ಷ ಒಂದು ಕಂಪನಿಯಲ್ಲಿ ಎಟಿಆರ್ (ಪ್ರೊಪೆಲರ್ ಇರುವ ಸಣ್ಣ ವಿಮಾನ) ಕೋ ಪೈಲಟ್ ಆಗಿದ್ದೆ. ಜೆಟ್ ಹಾರಿಸಬೇಕು ಅಂತ ನೋಟಿಸ್ ಕೊಟ್ಟು, ಆರು ತಿಂಗಳು ಪೂರ್ತಿ ಕೆಲಸ ಮಾಡಿ, ಇನ್ನೊಂದು ಕಂಪನಿ ಸೇರಿದೆ. ಈಗ ಎ320 ಜೆಟ್‌ನ ಟೈಪ್ ರೇಟಿಂಗ್, ಅಂದರೆ ಆ ವಿಮಾನ ಹಾರಿಸಲು ಬೇಕಾದ ತರಬೇತಿ. ಕಳೆದ ಗುರುವಾರ ಕೊನೆಯ ಸಿಮ್ ಚೆಕ್ ಇತ್ತು. ಫೇಲ್ ಆದೆ.

ಬೆಳಗಿನ ಜಾವ 2 ಗಂಟೆಯ ಸ್ಲಾಟ್. ಟೇಕಾಫ್‌ನಲ್ಲಿ ಎಂಜಿನ್ ಫೇಲ್, ಎಂಜಿನ್‌ಗೆ ಬೆಂಕಿ, ಎಲ್ಲ ಸರಿಯಾಗಿ ಮಾಡಿದ್ದೆ. ಕೊನೆಗೆ ಬಂದದ್ದು ಎರಡೂ ಎಂಜಿನ್ ಚೆನ್ನಾಗಿರುವಾಗಿನ ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ಮಂಜು ಮುಸುಕಿತ್ತು, ಮಿನಿಮಾ (ರನ್‌ವೇ ಕಾಣದೆ ಅದಕ್ಕಿಂತ ಕೆಳಗೆ ಇಳಿಯಬಾರದ ಎತ್ತರ) ತಲುಪಿದರೂ ರನ್‌ವೇ ಕಾಣಲಿಲ್ಲ. "ಗೋ ಅರೌಂಡ್, ಫ್ಲಾಪ್ಸ್" ಅಂದು ಎಂಜಿನ್ ಶಕ್ತಿಯ ಲಿವರ್ ಮುಂದೆ ತಳ್ಳಿದೆ. ಟಕ್ ಅಂತು, ಕೈ ಅಲ್ಲೇ ನಿಂತಿತು. ಅದು ಫ್ಲೆಕ್ಸ್ ಡಿಟೆಂಟ್, ಟೇಕಾಫ್‌ನಲ್ಲಿ ಲಿವರ್ ನಿಲ್ಲಿಸುವ ಜಾಗ. ಟೋಗಾ, ಅಂದರೆ ಪೂರ್ತಿ ಶಕ್ತಿಯ ಜಾಗ, ಅದಕ್ಕಿಂತ ಮುಂದೆ, ಕೊನೆಯಲ್ಲಿದೆ. ಲಿವರ್ ಅಲ್ಲಿಗೆ ಹೋಗದಿದ್ದರೆ ನಾವು ಗೋ ಅರೌಂಡ್ ಮಾಡುತ್ತಿದ್ದೇವೆ ಅಂತ ವಿಮಾನಕ್ಕೆ ಗೊತ್ತೇ ಆಗುವುದಿಲ್ಲ. ಫ್ಲೈಟ್ ಡೈರೆಕ್ಟರ್ (ಮೂಗು ಎತ್ತ ಇಡಬೇಕು ಅಂತ ಪರದೆಯಲ್ಲಿ ತೋರಿಸುವ ಗುರುತು) ಇನ್ನೂ ಇಳಿಯುವ ದಾರಿಯನ್ನೇ ತೋರಿಸುತ್ತಿತ್ತು. ನಾನು ಅದನ್ನೇ ನಂಬಿ ಹಿಂದೆ ಹೋದೆ. ವೇಗ ಏರುತ್ತಿದೆ, ಎತ್ತರ ಕಡಿಮೆ ಆಗುತ್ತಿದೆ. ಎಗ್ಸಾಮಿನರ್ ಸಿಮ್ ನಿಲ್ಲಿಸಿದರು.

ಹತ್ತು ದಿನದಲ್ಲಿ ಮರು ಚೆಕ್. ಅದೂ ಹೋದರೆ ಕೆಲಸ ಹೋಗುತ್ತದೆ, ಬಾಂಡ್ ಹಣ ಬೇರೆ ಕಟ್ಟಬೇಕು. ಹೆದರಿಕೆಗೆ ಇನ್ನೊಂದು ಕಂಪನಿಯ ಅರ್ಜಿಯನ್ನೂ ತೆರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ಪ್ರಶ್ನೆ: "ಹಿಂದೆ ಯಾವುದೇ ತರಬೇತಿ ಅಥವಾ ಚೆಕ್‌ನಲ್ಲಿ ಫೇಲ್ ಆಗಿದ್ದೀರಾ?" ಗೆಳೆಯ "ಇಲ್ಲ ಅಂತ ಹಾಕು, ಯಾರು ನೋಡುತ್ತಾರೆ" ಅನ್ನುತ್ತಾನೆ. ಏನು ಮಾಡಲಿ? ಒಂದು ಫೇಲ್, ಒಂದು ಕಂಪನಿ ಬದಲಾವಣೆ, ಇಷ್ಟಕ್ಕೆ ನನ್ನ ಕೆರಿಯರ್ ಮುಗಿಯಿತಾ?

ಎಡಗಡೆ ಸೀಟು

ಮುಗಿದಿಲ್ಲ ತಮ್ಮಾ. ಮೊದಲು ಮನೆಯಲ್ಲಿ ಹೇಳು. ಗುಟ್ಟು ಇಟ್ಟುಕೊಂಡು ಮರು ಚೆಕ್‌ಗೆ ಹೋದರೆ ಅರ್ಧ ತಲೆ ಅಲ್ಲೇ ಇರುತ್ತದೆ.

ನಾನು 22 ವರ್ಷದಿಂದ ಹಾರಿಸುತ್ತಿದ್ದೇನೆ, ಕಳೆದ 9 ವರ್ಷದಿಂದ ಟ್ರೈನಿಂಗ್‌ನಲ್ಲೂ ಇದ್ದೇನೆ. ನೀನು ಮಾಡಿದ ತಪ್ಪನ್ನು ತುಂಬ ಸಲ ನೋಡಿದ್ದೇನೆ. ದಿನಾ ಟೇಕಾಫ್ ಅಭ್ಯಾಸ ಮಾಡುವಾಗ ಲಿವರ್ ಫ್ಲೆಕ್ಸ್‌ನಲ್ಲೇ ನಿಲ್ಲಿಸಿ ಕೈಗೆ ಆ ಜಾಗ ರೂಢಿಯಾಗಿರುತ್ತದೆ. ಗೋ ಅರೌಂಡ್‌ನಲ್ಲಿ ಗಾಬರಿಯಾದಾಗ ಕೈ ಗೊತ್ತಿರುವ ಕಡೆ ಹೋಗಿ ನಿಲ್ಲುತ್ತದೆ. ಜೊತೆಗೆ ನೀನು ಎಟಿಆರ್‌ನಿಂದ ಬಂದವನು, ಅಲ್ಲಿ ಆಟೋ ಥ್ರಸ್ಟ್ (ಎಂಜಿನ್ ಶಕ್ತಿಯನ್ನು ವಿಮಾನವೇ ಹೊಂದಿಸುವುದು) ಅನ್ನುವುದೇ ಇಲ್ಲ. ಅನುಭವ ಇರುವ ಕ್ಯಾಪ್ಟನ್‌ಗಳೂ ಹೀಗೆ ಮಾಡಿದ್ದಾರೆ. 2007ರಲ್ಲಿ ಮೆಲ್ಬರ್ನ್‌ನಲ್ಲಿ ಜೆಟ್‌ಸ್ಟಾರ್‌ನ ಎ320 ಒಂದು, ಮಂಜಿನಲ್ಲಿ ಗೋ ಅರೌಂಡ್ ಮಾಡುವಾಗ ಇದೇ ತರಹ ಲಿವರ್ ಟೋಗಾಗೆ ಹೋಗದೆ ನೆಲದ ತೀರಾ ಹತ್ತಿರ ಇಳಿದು ಮತ್ತೆ ಮೇಲೆ ಹೋಯಿತು. ಅದು ಪ್ರಯಾಣಿಕರಿದ್ದ ನಿಜವಾದ ವಿಮಾನ. ನಿನ್ನದು ಸಿಮ್ಯುಲೇಟರ್. ಅಲ್ಲಿ ಆಗಿದ್ದು ಒಳ್ಳೆಯದೇ ಆಯಿತು.

ಮರು ಚೆಕ್‌ಗೆ ಹೀಗೆ ಮಾಡು. ಕಾಕ್‌ಪಿಟ್ ಪೋಸ್ಟರ್ ಗೋಡೆಗೆ ಹಚ್ಚಿ, ಕುರ್ಚಿ ಹಾಕಿ ಕೂತುಕೋ. "ಗೋ ಅರೌಂಡ್, ಫ್ಲಾಪ್ಸ್" ಅಂತ ಜೋರಾಗಿ ಹೇಳು, ಕೈ ಕೊನೆ ಮುಟ್ಟುವವರೆಗೂ ತಳ್ಳು, ಮೂಗು ಎತ್ತು, ಆಮೇಲೆ ಎಫ್‌ಎಂಎ (ಯಾವ ಮೋಡ್ ಆನ್ ಇದೆ ಅಂತ ತೋರಿಸುವ ಪರದೆಯ ಸಾಲು) ಓದು: "ಮ್ಯಾನ್ ಟೋಗಾ, ಎಸ್‌ಆರ್‌ಎಸ್". ಆ ಅಕ್ಷರ ಕಾಣದಿದ್ದರೆ ನಿನ್ನ ಕೈ ಸುಳ್ಳು ಹೇಳಿದೆ ಅಂತ ಅರ್ಥ. ದಿನಕ್ಕೆ ಐವತ್ತು ಸಲ ಮಾಡು. ನಾನೂ ಮೊದಲ ಕಮಾಂಡ್ ಚೆಕ್‌ನಲ್ಲಿ (ಕ್ಯಾಪ್ಟನ್ ಆಗುವ ಪರೀಕ್ಷೆ) ಫೇಲ್ ಆದವನು. ಹೀಗೆ ಗೋಡೆ ನೋಡಿಕೊಂಡೇ ಕಲಿತೆ.

ಫಾರಂನಲ್ಲಿ "ಹೌದು" ಅಂತ ಬರೆ. ಯಾಕೆ ಅಂತ ಸಂಜೆ ಬರೆಯುತ್ತೇನೆ, ಈಗ ಡ್ಯೂಟಿ ಇದೆ.

ಗ್ರೌಂಡ್ ಪೇಪರ್

ನೋಟಿಸ್ ಒಂದು ವರ್ಷ ಅಲ್ವಾ? ಆರೇ ತಿಂಗಳಿಗೆ ಹೇಗೆ ಬಿಟ್ಟರು?

ಜಕ್ಕೂರು ಹಳಬ

ಕಮಾಂಡರ್‌ಗಳಿಗೆ ಒಂದು ವರ್ಷ, ಕೋ ಪೈಲಟ್‌ಗಳಿಗೆ ಆರು ತಿಂಗಳು. 2017ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾಗೆ ಮಾಡಿತು.

ಕಿಟಕಿ ಪಕ್ಕ

ನಾನು ಪೈಲಟ್ ಅಲ್ಲ, ತಿಂಗಳಿಗೆ ನಾಲ್ಕೈದು ಸಲ ಹಾರುವ ಪ್ರಯಾಣಿಕ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎಲ್ಲರೂ "ಪರವಾಗಿಲ್ಲ, ಮತ್ತೆ ಬರೆ" ಅನ್ನುತ್ತಿದ್ದೀರಿ. ಹಿಂದೆ 180 ಜನ ಕೂತಿರುತ್ತಾರೆ. ಫೇಲ್ ಆದವರನ್ನು ಯಾಕೆ ಮತ್ತೆ ಮತ್ತೆ ಕೂರಿಸಬೇಕು?

2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ಸೇತುವೆಗೆ ರೆಕ್ಕೆ ತಾಗಿಸಿ ನದಿಗೆ ಬಿತ್ತಲ್ಲ, ಆ ವಿಡಿಯೋ ಎಲ್ಲರೂ ನೋಡಿದ್ದೀರಿ. ಬಲಗಡೆ ಎಂಜಿನ್ ಕೈಕೊಟ್ಟಿತ್ತು. ಕ್ಯಾಪ್ಟನ್ ಚೆನ್ನಾಗಿದ್ದ ಎಡಗಡೆಯದನ್ನು ಬಂದ್ ಮಾಡಿದರು. 58 ಜನರಲ್ಲಿ 43 ಜನ ಹೋದರು. ಆ ಕ್ಯಾಪ್ಟನ್ ಅದರ ಹಿಂದಿನ ವರ್ಷ ಕಮಾಂಡ್ ಸಿಮ್ ಚೆಕ್‌ನಲ್ಲಿ ಮೊದಲ ಸಲ ಪಾಸ್ ಆಗಿರಲಿಲ್ಲ ಅಂತ ತನಿಖಾ ವರದಿಯಲ್ಲೇ ಇದೆ. ಇದಕ್ಕೆ ಏನು ಹೇಳುತ್ತೀರಿ?

ಗಲ್ಫ್ ಹಾರಾಟ

@ಕಿಟಕಿ ಪಕ್ಕ ಸಾರ್, ಒಂದೇ ಒಂದು ಸಲವೂ ಎಡವದ ಪೈಲಟ್ ಬೇಕು ಅಂದರೆ ನೀವು ಬಸ್ಸಿನಲ್ಲೇ ಹೋಗಬೇಕಾಗುತ್ತದೆ. ಪ್ರತಿ ಆರು ತಿಂಗಳಿಗೆ ನಮ್ಮನ್ನು ಸಿಮ್‌ನಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಬೇರೆ ಯಾವ ಕೆಲಸದಲ್ಲಿ 60 ದಾಟುವವರೆಗೂ ವರ್ಷಕ್ಕೆ ಎರಡು ಸಲ ಪರೀಕ್ಷೆ ಇದೆ ಹೇಳಿ?

ಎಡಗಡೆ ಸೀಟು

@ಕಿಟಕಿ ಪಕ್ಕ ಅವರ ಪ್ರಶ್ನೆ ಸರಿಯಾಗಿದೆ, ತಳ್ಳಿಹಾಕಬೇಡಿ. ಆ ವರದಿ ನಾನು ಪೂರ್ತಿ ಓದಿದ್ದೇನೆ, ಟ್ರೈನಿಂಗ್ ಕ್ಲಾಸಿನಲ್ಲಿ ಪಾಠವನ್ನೂ ಮಾಡಿದ್ದೇನೆ. ಅಲ್ಲಿ ಮನಸ್ಸಿಗೆ ಚುಚ್ಚುವುದು ಒಂದೇ. ಆ ಕ್ಯಾಪ್ಟನ್ ಆತುರಪಡುತ್ತಾರೆ, ಎಂಜಿನ್ ಫೇಲ್ ವಿಷಯದಲ್ಲಿ ಗಟ್ಟಿಯಿಲ್ಲ ಅಂತ ಇನ್‌ಸ್ಟ್ರಕ್ಟರ್‌ಗಳು ಮೊದಲೇ ಬರೆದಿದ್ದರು. ಆಮೇಲೆ ಪಾಸ್ ಆದರು, ಕಮಾಂಡ್ ಸಿಕ್ಕಿತು. ಕೆಲವೇ ತಿಂಗಳಲ್ಲಿ ನಿಜವಾದ ಎಂಜಿನ್ ನಿಂತಾಗ ಅದೇ ಆತುರ ಹೊರಗೆ ಬಂತು.

ಹಾಗಾಗಿ ಫೇಲ್ ಆದರಾ ಅಂತ ಮಾತ್ರ ಕೇಳಿದರೆ ಸಾಲದು. ಯಾವುದರಲ್ಲಿ ಫೇಲ್ ಆದರು, ಅದೇ ತಪ್ಪು ಮತ್ತೆ ಬಂತಾ, ಸರಿಪಡಿಸಲು ಏನು ಮಾಡಿದರು, ಇದನ್ನು ಕೇಳಬೇಕು. ನನ್ನ ಕೈಗೆ ಒಂದು ಟ್ರೈನಿಂಗ್ ಫೈಲ್ ಬಂದಾಗ ನಾನು ಹುಡುಕುವುದು ಇದನ್ನೇ. ಒಂದು ಸಲ ಗೋ ಅರೌಂಡ್‌ನಲ್ಲಿ ಫೇಲ್, ಮುಂದೆ ನಾಲ್ಕು ಚೆಕ್‌ನಲ್ಲಿ ಗೋ ಅರೌಂಡ್ ಚೆನ್ನಾಗಿದೆ ಅಂದರೆ ನನಗೆ ಆ ಪೈಲಟ್ ಮೇಲೆ ನಂಬಿಕೆ ಜಾಸ್ತಿ. ಎಲ್ಲ ಚೆಕ್ ಪಾಸ್, ಆದರೆ ಪ್ರತಿಯೊಂದರಲ್ಲೂ "ಪರವಾಗಿಲ್ಲ, ಸ್ವಲ್ಪ ಸುಧಾರಿಸಬೇಕು" ಅಂತ ಒಂದೇ ವಿಷಯಕ್ಕೆ ಬರೆದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಡಲ್ಲಾಸ್‌ನಿಂದ

ನಮ್ಮ ಊರು ದಾವಣಗೆರೆ, ಈಗ ಇಲ್ಲಿ ಅಮೆರಿಕದಲ್ಲಿ ರೀಜನಲ್ ಜೆಟ್ ಹಾರಿಸುತ್ತಿದ್ದೇನೆ. ಫಾರಂ ವಿಷಯಕ್ಕೆ ಬರುತ್ತೇನೆ.

2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ 3407 ವಿಮಾನ ಬಿದ್ದು 50 ಜನ ಸತ್ತರು. ಸ್ಟಾಲ್ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮೂಗು ಇಳಿಸುವ ಬದಲು ಎಳೆದರು. ತನಿಖೆಯಲ್ಲಿ ಅವರು ಹಿಂದೆ ಹಲವು ಚೆಕ್‌ಗಳಲ್ಲಿ ಫೇಲ್ ಆಗಿದ್ದು, ಕೆಲಸದ ಅರ್ಜಿಯಲ್ಲಿ ಅದರಲ್ಲಿ ಕೆಲವನ್ನು ಹೇಳದೇ ಇದ್ದದ್ದು ಹೊರಬಂತು. ಮನೆಯವರನ್ನು ಕಳೆದುಕೊಂಡವರು ವಾಷಿಂಗ್ಟನ್‌ಗೆ ಅಲೆದು ಅಲೆದು 2010ರಲ್ಲಿ ಕಾನೂನು ಮಾಡಿಸಿದರು. ಎಲ್ಲ ಪೈಲಟ್‌ಗಳ ದಾಖಲೆ ಒಂದೇ ಕಡೆ ಇರಬೇಕು ಅಂತ ಅದರಲ್ಲಿ ಇತ್ತು. ಆದರೆ ಜಾರಿಗೆ ಬರಲು ವರ್ಷಗಟ್ಟಲೆ ಹಿಡಿಯಿತು.

ಅಷ್ಟರಲ್ಲಿ 2019ರ ಫೆಬ್ರವರಿ 23. ಅಟ್ಲಾಸ್ ಏರ್‌ನ 767 ಸರಕು ವಿಮಾನ, ಮಯಾಮಿಯಿಂದ ಹ್ಯೂಸ್ಟನ್‌ಗೆ ಬರುತ್ತಿತ್ತು. ಗೋ ಅರೌಂಡ್ ಮೋಡ್ ಗೊತ್ತಿಲ್ಲದೆ ಆನ್ ಆಯಿತು, ಕೋ ಪೈಲಟ್ ಸ್ಟಾಲ್ ಆಗುತ್ತಿದೆ ಅಂದುಕೊಂಡು ಮೂಗನ್ನು ಪೂರ್ತಿ ಕೆಳಗೆ ತಳ್ಳಿದರು. ಮೂರು ಜನ ಹೋದರು. ಆ ಕೋ ಪೈಲಟ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಟ್ರೈನಿಂಗ್ ಫೇಲ್‌ಗಳನ್ನು ಮುಚ್ಚಿಟ್ಟಿದ್ದರು. ಆ ದಾಖಲೆ ವ್ಯವಸ್ಥೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಅಂತ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ, ವಿಮಾನಯಾನ ನಿಯಂತ್ರಕ ಎಫ್‌ಎಎಯನ್ನೂ ಟೀಕಿಸಿತು. 2021ರಲ್ಲಿ ಅಂತಿಮ ನಿಯಮ ಬಂತು.

ಈಗ ಇಲ್ಲಿ ಸಂದರ್ಶನಕ್ಕೆ ಕೂತರೆ ನಮ್ಮ ಫೇಲ್‌ಗಳು ಅವರ ಮುಂದೆಯೇ ಇರುತ್ತವೆ. ನನ್ನದೂ ಒಂದಿದೆ, ಇನ್‌ಸ್ಟ್ರುಮೆಂಟ್ ರೇಟಿಂಗ್‌ನಲ್ಲಿ. ನಾಲ್ಕು ಸಂದರ್ಶನದಲ್ಲೂ ಕೇಳಿದ್ದಾರೆ. ಏನಾಯಿತು, ಏನು ಕಲಿತೆ, ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತೇನೆ. ಇದುವರೆಗೆ ಅದಕ್ಕಾಗಿ ಯಾರೂ ಬೇಡ ಅಂದಿಲ್ಲ. ಜೊತೆಗಿದ್ದ ಒಬ್ಬರು ಬರೆಯದೇ ಬಿಟ್ಟು ಸಿಕ್ಕಿಬಿದ್ದರು, ಅವರನ್ನು ಟ್ರೈನಿಂಗ್ ಮಧ್ಯೆಯೇ ಕಳಿಸಿದರು.

ಜಕ್ಕೂರು ಹಳಬ

ಅಮೆರಿಕದ ಮಾತು ಸರಿ. ನಮ್ಮಲ್ಲಿ ಅಂಥ ಒಂದೇ ದಾಖಲೆ ಇಲ್ಲದಿದ್ದರೂ ಫೈಲ್ ಇದ್ದೇ ಇರುತ್ತದೆ. ಹಳೆಯ ಕಂಪನಿಯ ಎನ್‌ಒಸಿ ಬೇಕು, ಟ್ರೈನಿಂಗ್ ದಾಖಲೆ ಕೇಳುತ್ತಾರೆ, ಲಾಗ್‌ಬುಕ್‌ನಲ್ಲಿ ಸಿಮ್ ಗಂಟೆ ಜಾಸ್ತಿ ಕಂಡರೆ ಯಾಕೆ ಅಂತ ಕೇಳುತ್ತಾರೆ. ಇನ್ನೂ ದೊಡ್ಡ ವಿಷಯ, ಇದು ಸಣ್ಣ ಊರು. ಇವತ್ತು ನಿನ್ನ ಜೊತೆ ಸಿಮ್‌ನಲ್ಲಿ ಕೂತವನು ನಾಳೆ ಇನ್ನೊಂದು ಕಂಪನಿಯಲ್ಲಿ ನಿನ್ನ ಸಂದರ್ಶನ ಮಾಡುತ್ತಾನೆ.

ಫೇಲ್‌ಗಿಂತ ನನ್ನನ್ನು ಹಿಂದೆ ಎಳೆದದ್ದು ಕಂಪನಿ ಬದಲಾವಣೆ. ಜಕ್ಕೂರಿನಲ್ಲಿ ಸೆಸ್ನಾದಲ್ಲಿ ಶುರು ಮಾಡಿದೆ. ಆಗ ಏರ್ ಡೆಕ್ಕನ್ ಬಂದು ಎಲ್ಲರಿಗೂ ಕೆಲಸ ಸಿಗುತ್ತಿದ್ದ ಕಾಲ. ಮೊದಲ ಕೆಲಸ ಸಿಕ್ಕ ಕಂಪನಿ ಕೆಲವು ವರ್ಷ ಕಳೆದ ಮೇಲೆ ಸಂಬಳ ನಿಲ್ಲಿಸಿತು. ಏಳು ತಿಂಗಳು ಸಂಬಳ ಇಲ್ಲದೆ ಹಾರಿದ್ದೇವೆ. ರೋಸ್ಟರ್ ಬರುತ್ತಿತ್ತು, ಹಣ ಬರುತ್ತಿರಲಿಲ್ಲ. ಮಗಳ ಸ್ಕೂಲ್ ಫೀಸಿಗೆ ಹೆಂಡತಿಯ ಬಳೆ ಅಡ ಇಟ್ಟೆ. ಬಿಟ್ಟು ಹೋಗೋಣ ಅಂದರೆ ಎನ್‌ಒಸಿ ಕೊಡಲಿಲ್ಲ.

ಎರಡನೇ ಕಂಪನಿಗೆ ಹೋದಾಗ ನಾನು ಕಮಾಂಡ್‌ಗೆ ಒಂದು ವರ್ಷ ದೂರ ಇದ್ದೆ. ಅಲ್ಲಿ ಸೀನಿಯಾರಿಟಿ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ನನಗಿಂತ ಆರು ವರ್ಷ ಚಿಕ್ಕವನ ಕೆಳಗೆ. ಯಾವ ಬೇಸ್, ಯಾವ ರಜೆ, ಯಾವಾಗ ಅಪ್‌ಗ್ರೇಡ್, ಎಲ್ಲ ಆ ನಂಬರಿನ ಮೇಲೆ. ಅದೂ ಮುಚ್ಚಿತು. ಮೂರನೆಯದರಲ್ಲಿ ವಿಮಾನವೇ ಬೇರೆ, 737 ಬಿಟ್ಟು ಎ320. ಮತ್ತೆ ಟೈಪ್ ರೇಟಿಂಗ್, ಮತ್ತೆ ಬಲಗಡೆಯ ಕೋ ಪೈಲಟ್ ಸೀಟು, ಮತ್ತೆ ಕೊನೆಯ ನಂಬರು. 41ನೇ ವಯಸ್ಸಿಗೆ ಕ್ಯಾಪ್ಟನ್ ಆದೆ. ನನ್ನ ಬ್ಯಾಚಿನವನೊಬ್ಬ ಒಂದೇ ಕಡೆ ಇದ್ದು 31ಕ್ಕೇ ಆಗಿದ್ದ. ಹಾರಿಸುವುದರಲ್ಲಿ ನಮ್ಮಿಬ್ಬರಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಗಲ್ಫ್ ಹಾರಾಟ

ಹಳಬರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್, 2023ರ ಮೇ 3ಕ್ಕೆ ಗೋ ಫಸ್ಟ್. ಒಂದೊಂದು ನಿಂತಾಗಲೂ ನೂರಾರು ಪೈಲಟ್‌ಗಳು ಸೀನಿಯಾರಿಟಿ ಕಳೆದುಕೊಂಡು ಬೇರೆ ಕಡೆ ಸಾಲಿನ ಕೊನೆಯಲ್ಲಿ ನಿಂತರು. ಇದು ಅವರ ತಪ್ಪಾ?

ನಾನೂ ಬೆಂಗಳೂರಿನಲ್ಲಿ ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ಕೂತಿದ್ದವನು, ಇಲ್ಲಿಗೆ ಬಂದು ಬಲಗಡೆ ಕೂತೆ. ಸಂಬಳ ಚೆನ್ನಾಗಿದೆ. ಆದರೆ ಕೊರೊನಾದಲ್ಲಿ ಪಕ್ಕದ ಮನೆಯವರೆಗೂ ಕೆಲಸ ಹೋಗಿ, ಎರಡು ವಾರದಲ್ಲಿ ಮನೆ ಖಾಲಿ ಮಾಡಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಗ್ರೌಂಡ್ ಪೇಪರ್

ಹಾಗಾದರೆ 2023ರಲ್ಲಿ ಆಕಾಸ ಏರ್‌ನ 43 ಪೈಲಟ್‌ಗಳು ನೋಟಿಸ್ ಪೂರ್ತಿ ಮಾಡದೆ ಹೋದರಲ್ಲ, ಕಂಪನಿ ಬಾಂಬೆ ಹೈಕೋರ್ಟ್‌ಗೆ ಹೋಯಿತು. ಅವರು ಮಾಡಿದ್ದು ಸರಿಯಾ?

ಜಕ್ಕೂರು ಹಳಬ

ಸರಿಯಲ್ಲ. ಅವತ್ತು ವಿಮಾನ ರದ್ದಾಗಿ ಪರದಾಡಿದ್ದು ಟಿಕೆಟ್ ತೆಗೆದುಕೊಂಡ ಜನ. ಆದರೆ ಒಂದು ವರ್ಷದ ನೋಟಿಸ್ ಅನ್ನುವುದೂ ಸರಿಯಲ್ಲ. ಬೇರೆ ಕಂಪನಿ ನಿಮಗೋಸ್ಕರ ಒಂದು ವರ್ಷ ಖುರ್ಚಿ ಖಾಲಿ ಇಟ್ಟುಕೊಂಡಿರುತ್ತದಾ? ಸಂಬಳ ಕೊಡದ ಕಂಪನಿಗೂ ಅದೇ ನೋಟಿಸ್ ಅಂದರೆ ಅದು ಜೀತ.

ಕಿಟಕಿ ಪಕ್ಕ

ನನಗೆ ಇದೆಲ್ಲ ಗೊತ್ತಿರಲಿಲ್ಲ. ಸಂಬಳ ಬರದೆ ಬಳೆ ಅಡ ಇಟ್ಟವರು ನಮ್ಮನ್ನು ಹಾರಿಸುತ್ತಿದ್ದರು ಅನ್ನುವುದು ನನಗೆ ಸಿಮ್ ಫೇಲ್‌ಗಿಂತ ಜಾಸ್ತಿ ಹೆದರಿಕೆ ತರುತ್ತಿದೆ. ಅದನ್ನು ಯಾವ ಚೆಕ್‌ನಲ್ಲೂ ನೋಡುವುದಿಲ್ಲ ಅಲ್ವಾ?

ಎಡಗಡೆ ಸೀಟು

ನೋಡುವುದಿಲ್ಲ. ನೋಡಬೇಕು.

ಅಡಿಕೆ ತೋಟ

ನಮಸ್ಕಾರ. ನಾನು ಚನ್ನಗಿರಿ ಕಡೆಯವನು, ಮಗಳು ಫ್ಲೈಯಿಂಗ್ ಸ್ಕೂಲಿನಲ್ಲಿ ಇದ್ದಾಳೆ. ಎರಡು ಎಕರೆ ತೋಟದ ಮೇಲೆ ಸಾಲ ತೆಗೆದಿದ್ದೇವೆ. ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) 200 ಗಂಟೆ ಹಾರಾಟ ಬೇಕು ಅಂದರು, ಆಮೇಲೆ ಟೈಪ್ ರೇಟಿಂಗ್‌ಗೆ ಬೇರೆ ಹಣ ಅಂದರು. ಹೋದ ವಾರ ನ್ಯಾವಿಗೇಷನ್ ಪೇಪರ್‌ನಲ್ಲಿ ಫೇಲ್ ಆಗಿ ಎರಡು ದಿನ ಊಟ ಮಾಡಿಲ್ಲ. ಇದೂ ಮುಂದೆ ಕೆಲಸ ಕೇಳುವಾಗ ಅಡ್ಡ ಬರುತ್ತದಾ? ದಯವಿಟ್ಟು ಹೇಳಿ.

ಗ್ರೌಂಡ್ ಪೇಪರ್

ಅಂಕಲ್, ಖಂಡಿತ ಹೆದರಬೇಡಿ. ನಾನು ನ್ಯಾವಿಗೇಷನ್ ಮೂರನೇ ಸಲಕ್ಕೆ ಪಾಸ್ ಮಾಡಿದೆ. 70 ಬೇಕು, ನನಗೆ ಎರಡು ಸಲ 66, 68 ಬಂತು. ನಮ್ಮ ಹಾಸ್ಟೆಲಿನಲ್ಲಿ ಮೊದಲ ಸಲಕ್ಕೇ ಎಲ್ಲ ಪೇಪರ್ ಪಾಸ್ ಆದವರು ಇಬ್ಬರೇ. ಮಗಳಿಗೆ ನನ್ನ ನೋಟ್ಸ್ ಕಳಿಸುತ್ತೇನೆ, ಇಲ್ಲೇ ಮೆಸೇಜ್ ಮಾಡಿ. ಊಟ ಮಾಡು ಅಂತ ಹೇಳಿ ಮೊದಲು.

ಗಲ್ಫ್ ಹಾರಾಟ

@ಅಡಿಕೆ ತೋಟ ಪೇಪರ್ ಫೇಲ್ ಬೇರೆ, ಹಾರಾಟದ ಚೆಕ್ ಫೇಲ್ ಬೇರೆ. ಕಂಪನಿಗಳು ಎಷ್ಟನೇ ಸಲಕ್ಕೆ ಪಾಸ್ ಅಂತ ಕೇಳಿದರೂ ಕೇಳಬಹುದು, ನಿಜ ಹೇಳಿದರಾಯಿತು. 2011ರಲ್ಲಿ ನಕಲಿ ಅಂಕಪಟ್ಟಿ ತಂದು ಲೈಸೆನ್ಸ್ ಮಾಡಿಸಿಕೊಂಡವರು ಸಿಕ್ಕಿಬಿದ್ದು ಜೈಲಿಗೆ ಹೋದರು. ಆ ಪೇಪರ್ ಇನ್ನೊಮ್ಮೆ ಬರೆದಿದ್ದರೆ ಇವತ್ತು ಹಾರುತ್ತಿದ್ದರೋ ಏನೋ.

ಇನ್ನೊಂದು ಮಾತು ಅಣ್ಣಾ. ಟೈಪ್ ರೇಟಿಂಗ್‌ಗೆ ಮೊದಲೇ ಹಣ ಸುರಿಯಬೇಡಿ. ಯಾವ ಕಂಪನಿ ತೆಗೆದುಕೊಳ್ಳುತ್ತದೆ ಅಂತ ಗೊತ್ತಾದ ಮೇಲೆ ಆ ವಿಮಾನದ್ದು ಮಾಡಿಸಿ. ಒಂದು ವಿಮಾನದ್ದು ಮಾಡಿ ಕೆಲಸ ಸಿಗದೆ ಕೂತವರು ತುಂಬ ಜನ ಇದ್ದಾರೆ.

ಬಜ್ಪೆ

ಗೋ ಅರೌಂಡ್ ಅನ್ನುವ ಮಾತು ಕೇಳಿದರೆ ನಮಗೆ 2010ರ ಮೇ 22ರ ಮಂಗಳೂರು ವಿಮಾನ ದುರಂತ ನೆನಪಾಗುತ್ತದೆ. ನಮ್ಮ ಮನೆಯಿಂದ ಆ ಕಣಿವೆ ದೂರ ಇಲ್ಲ. ಅವತ್ತು ಬೆಳಿಗ್ಗೆ ಹೊಗೆ ನೋಡಿ ಓಡಿದವರಲ್ಲಿ ನಾನೂ ಒಬ್ಬ. 158 ಜನ ಹೋದರು, ಉಳಿದದ್ದು 8 ಜನ. ಕೋ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದಿದ್ದು ರೆಕಾರ್ಡರ್‌ನಲ್ಲಿ ಇತ್ತು. ಕ್ಯಾಪ್ಟನ್ ಇಳಿಸುತ್ತಲೇ ಹೋದರು.

ತಿಪಟೂರಿನವರೇ, ನೀವು ರನ್‌ವೇ ಕಾಣದೆ ಗೋ ಅರೌಂಡ್ ಅಂದಿರಿ. ಲಿವರ್ ತಪ್ಪಿತು, ನಿರ್ಧಾರ ತಪ್ಪಲಿಲ್ಲ. ಅದನ್ನು ಬಿಡಬೇಡಿ. ಪಕ್ಕದಲ್ಲಿ ಎಂಥ ಸೀನಿಯರ್ ಕೂತಿದ್ದರೂ ಅನ್ನಿ.

ಎಡಗಡೆ ಸೀಟು

ಬಜ್ಪೆಯವರು ಹೇಳಿದ್ದನ್ನು ನಾನು ಹೇಳಬೇಕಿತ್ತು. ಫಾರಂ ವಿಷಯ ಡಲ್ಲಾಸ್‌ನವರು ಹೇಳಿ ಮುಗಿಸಿದ್ದಾರೆ, ನಾನು ಒಂದು ಮಾತು ಸೇರಿಸುತ್ತೇನೆ. ನಾಳೆ ನಿನ್ನ ಪಕ್ಕ ಕೂರುವ ಕ್ಯಾಪ್ಟನ್‌ಗೆ ನಿನ್ನ ದುರ್ಬಲ ಜಾಗ ಗೊತ್ತಿದ್ದರೆ ಮಂಜಿನ ದಿನ ಅವರ ಕಣ್ಣು ನಿನ್ನ ಕೈ ಮೇಲೆ ಇರುತ್ತದೆ. ಮುಚ್ಚಿಟ್ಟರೆ ಆ ಎರಡು ಕಣ್ಣು ನಿನಗೆ ಇಲ್ಲ.

ತಿಪಟೂರು ಹುಡುಗ

ಎಲ್ಲರಿಗೂ ತಡವಾಗಿ ಉತ್ತರ ಕೊಡುತ್ತಿದ್ದೇನೆ, ಕ್ಷಮಿಸಿ. ಮರು ಚೆಕ್ ನಿನ್ನೆ ರಾತ್ರಿ ಆಯಿತು. ಪಾಸ್.

ಎಡಗಡೆ ಸೀಟು ಸಾರ್, ಪೋಸ್ಟರ್ ಬಾತ್‌ರೂಂ ಪಕ್ಕದ ಗೋಡೆಗೆ ಹಚ್ಚಿದ್ದೆ. ಲಿವರ್ ಜಾಗಕ್ಕೆ ರೂಮಿನ ಟೇಬಲ್ ಡ್ರಾಯರ್. ದೂಡಿದರೆ ಕೊನೆಗೆ ಟಪ್ ಅನ್ನುತ್ತಿತ್ತು, ಅದೇ ಟೋಗಾ ಅಂದುಕೊಂಡೆ. ಎಗ್ಸಾಮಿನರ್ ಗೋ ಅರೌಂಡ್ ಎರಡು ಸಲ ಕೊಟ್ಟರು. ಎರಡನೆಯದರಲ್ಲಿ ನಾನು "ಮ್ಯಾನ್ ಟೋಗಾ, ಎಸ್‌ಆರ್‌ಎಸ್" ಅಂದಾಗ ಹಿಂದಿನಿಂದ ಅವರ ಪೆನ್ನಿನ ಶಬ್ದ ಕೇಳಿಸಿತು, ಅಷ್ಟು ನಿಶ್ಶಬ್ದ ಇತ್ತು.

ಅಪ್ಪನಿಗೆ ಭಾನುವಾರವೇ ಹೇಳಿದ್ದೆ. "ಕೊಬ್ಬರಿ ರೇಟು ಬಿದ್ದಾಗ ನಾನು ಮರ ಕಡಿದುಹಾಕಿದೆನಾ?" ಅಂದರು, ಫೋನ್ ಇಟ್ಟರು. ಆಮೇಲೆ ಅಮ್ಮ ಫೋನ್ ಮಾಡಿ, ಅವರು ಹೊರಗೆ ಜಗುಲಿಯಲ್ಲಿ ತುಂಬ ಹೊತ್ತು ಸುಮ್ನೆ ಕೂತಿದ್ದರು ಅಂತ ಹೇಳಿದರು.

ಆ ಇನ್ನೊಂದು ಕಂಪನಿಯ ಅರ್ಜಿ ಕಳಿಸಲಿಲ್ಲ, ಈಗ ಬೇಕಾಗಿಲ್ಲ. ಆದರೆ ಅದರ ಉತ್ತರ ಒಂದು ಹಾಳೆಯಲ್ಲಿ ಬರೆದು ಲಾಗ್‌ಬುಕ್ ಒಳಗೆ ಇಟ್ಟಿದ್ದೇನೆ. ಹೌದು, ಯಾವ ದಿನ, ಏನು ತಪ್ಪಿತು, ಏನು ಮಾಡಿದೆ, ನಾಲ್ಕು ಸಾಲು. ಮುಂದೆ ಯಾರು ಕೇಳಿದರೂ ಅದನ್ನೇ ಬರೆಯುತ್ತೇನೆ.

ಸೋಮವಾರದಿಂದ ಜಂಪ್ ಸೀಟಿನಲ್ಲಿ ಕೂತು ನೋಡುವ ಫ್ಲೈಟ್‌ಗಳು ಶುರು. ಮೊದಲನೆಯದು ಮಂಗಳೂರು.

ಬಜ್ಪೆ

ಬನ್ನಿ. ಎಷ್ಟು ಗಂಟೆಗೆ ಇಳಿಯುತ್ತೀರಿ ಅಂತ ಹೇಳಿ, ಅಂಗಳದಿಂದ ನೋಡುತ್ತೇನೆ.

ಅಡಿಕೆ ತೋಟ

ತುಂಬ ಸಂತೋಷ ಆಯಿತು ಮಗ. ಮಗಳಿಗೆ ಇದನ್ನು ಓದಿ ಹೇಳಿದೆ. ಆ ಪೋಸ್ಟರ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾಳೆ.